ನೆಗ್ಗಿದ ಅಲ್ಯೂಮಿನಿಯಂ ದೋಣಿ: ತಗಡು ಬಡಿಯುವ ಮೊದಲು ಬಿರುಕು ಹುಡುಕಿ

ಪ್ರಶ್ನೆ: ಸರ್, ನಮಸ್ಕಾರ್ರೀ. ಕೊಲ್ಹಾರದ ಹತ್ತಿರ ಕೃಷ್ಣಾ ಹಿನ್ನೀರಿನ್ಯಾಗ ಮೀನ ಹಿಡಿಯೂ ಧಂದೆ ನಮ್ದು. 14 ಫೂಟಿನ ಜರ್ಮನ್ ದೋಣಿ ಐತಿ, ರಿಬಿಟ್ ಹೊಡದದ್ದು, ಸೆಕೆಂಡ್ ಹ್ಯಾಂಡ್ ತೊಗೊಂಡದ್ದು. ಹಿಂದ 8 ಎಚ್.ಪಿ. ಮಷೀನ್ ಕೂಡ್ಸೇವಿ. ಹ್ವಾದ ತಿಂಗಳ ನೀರ ಇಳದಿತ್ರಿ. ನಸುಕಿನ್ಯಾಗ ಬಲಿ ತಗ್ಯಾಕ ಹೊಂಟಾಗ ಮುಳುಗಿದ ಹಳೇ ಊರಿನ ಗ್ವಾಡಿಗೆ ಜೋರಾಗಿ ಬಡೀತು. ತಳದಾಗ ಬಲಗಡೆ, ನಡುವಿಗಿಂತ ತುಸು ಮುಂದ, ಒಂದ ಮೊಳ ಉದ್ದ ಎರಡ ಬಟ್ಟು ಆಳ ನೆಗ್ಗೇತಿ. ಒಳಗಿನ ಅಡ್ಡಪಟ್ಟಿ ಒಂದು ಸೊಟ್ಟ ಆಗೇತಿ, ಮೂರ-ನಾಕ ರಿಬಿಟ್ ಅಲ್ಲಾಡತಾವ. ಮುಂಜಾನಿ ಇಳಿಸಿದ್ರ ಸಂಜಿಮಟಾ ಹಿಮ್ಮಡ ಮುಳುಗೂವಷ್ಟು ನೀರ ಬರತೈತಿ. ವಿಜಯಪುರದ ಗ್ಯಾರೇಜಿನ ಡೆಂಟಿಂಗ್ ಮಿಸ್ತ್ರಿ ಕಾಸಿ ಬಡದು ಪುಟ್ಟಿ ಹಾಕಿ ಕೊಡ್ತೀನಿ ಅಂತಾನ. ಅಳಿಯ ಮೊಬೈಲಿನ್ಯಾಗ ಕುದಿಯೂ ನೀರ ಹಾಕಿ ನೆಗ್ಗ ತಗಿಯೂ ವಿಡಿಯೋ ತೋರಸ್ತಾನ. ವೆಲ್ಡಿಂಗ್ ಅಂಗಡ್ಯಾಂವ ಅಲ್ಯೂಮಿನಿಯಂ ರಾಡ್ ಐತಿ, ಹತ್ತ ನಿಮಿಷದ ಕೆಲಸ ಅಂದ. ನಮ್ಮ ಕಾಕಾ ಎಂ-ಸೀಲ್ ಮೆತ್ತಿ ಮ್ಯಾಲ ಡಾಂಬರ ಬಳಿ, ನಡೀತೈತಿ ಅಂತಾರ. ಯಾರ ಮಾತ ಕೇಳೂದ್ರಿ? ಮಳಿಗಾಲದ ಹೊಸ ನೀರ ಬರೂದ್ರೊಳಗ ಆಗಬೇಕು. ಇಲ್ಲಾಂದ್ರ ಮೋಡ್ಕಾಕ್ಕ ಹಾಕೂದ?

ಉತ್ತರ: ಮೋಡ್ಕಾಕ್ಕೆ, ಅಂದರೆ ಗುಜರಿಗೆ, ಹಾಕುವ ಮಾತು ಸದ್ಯ ಬಿಡಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ದುರಸ್ತಿಗೆ ಬಗ್ಗುವ ದೋಣಿ. ಬೆಳಗಾವಿಯ ಉದ್ಯಮಬಾಗದಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಮತ್ತು ತಗಡಿನ ಕೆಲಸ ಮಾಡುತ್ತ ಬಂದವನು ನಾನು. ಇದಕ್ಕಿಂತ ಕೆಟ್ಟದಾಗಿ ಜಜ್ಜಿಹೋದ ದೋಣಿಗಳು ಮತ್ತೆ ನೀರಿಗಿಳಿದದ್ದನ್ನು ಕಂಡಿದ್ದೇನೆ. ಅಷ್ಟೇನೂ ಪೆಟ್ಟಾಗದ ದೋಣಿ ರಿಪೇರಿಯ ಹೆಸರಿನಲ್ಲಿ ಹಾಳಾದದ್ದನ್ನೂ ಕಂಡಿದ್ದೇನೆ. ಆದ್ದರಿಂದ ಮೊದಲ ಮಾತು: ನಾನು ಹೇಳುವ ಪರೀಕ್ಷೆಗಳು ಮುಗಿಯುವ ತನಕ ಯಾರ ಕೈಗೂ ಸುತ್ತಿಗೆ ಕೊಡಬೇಡಿ.

ನಾಲ್ಕು ಜನ ಹೇಳಿದ ನಾಲ್ಕೂ ಉಪಾಯಗಳು ಆ ತಗ್ಗನ್ನು ಅಳಿಸುವುದಕ್ಕೆ ಇಲ್ಲವೆ ಮುಚ್ಚುವುದಕ್ಕೆ ಇರುವಂಥವು. ಆದರೆ ನಿಮ್ಮ ದೋಣಿಗೆ ನೀರು ಬರುತ್ತಿರುವುದು ತಗ್ಗಿನಿಂದಲ್ಲ. ತಗ್ಗಿದ್ದ ಮಾತ್ರಕ್ಕೆ ತಗಡಿನಲ್ಲಿ ನೀರು ತೂರುವುದಿಲ್ಲ. ಅಲ್ಲಾಡುವ ರಿಬಿಟ್‌ನ ತೂತಿನಿಂದ, ಸಡಿಲಾದ ಜೋಡಣೆಯಿಂದ, ಇಲ್ಲವೆ ಕಣ್ಣಿಗೆ ಬೀಳದ ಬಿರುಕಿನಿಂದ ಬರುತ್ತದೆ. ಸೊಟ್ಟಗಾದ ಅಡ್ಡಪಟ್ಟಿ ತಗಡಿಗೆ ಆಸರೆ ಕೊಡುವುದನ್ನು ನಿಲ್ಲಿಸಿದೆ. ಹಾಗಾಗಿ ಪ್ರತಿ ಅಲೆಗೂ ಅಲ್ಲಿನ ತಗಡು ಒಳಗೆ ಹೊರಗೆ ಉಸಿರಾಡುತ್ತದೆ, ಉಸಿರಾಡಿದಷ್ಟೂ ರಿಬಿಟ್ ಇನ್ನಷ್ಟು ಸಡಿಲಾಗುತ್ತದೆ. ನಿಮ್ಮ ದೋಣಿಯ ರೋಗ ಇದು. ನೆಗ್ಗು ಅದರ ಗುರುತು ಮಾತ್ರ. ಆಸರೆ ಸರಿಮಾಡಿ, ಸೋರಿಕೆ ನಿಲ್ಲಿಸಿ, ಬಿರುಕಿಲ್ಲ ಎಂದು ಖಾತ್ರಿ ಮಾಡಿಕೊಂಡರೆ, ಅರ್ಧ ನೆಗ್ಗು ಹಾಗೇ ಉಳಿದರೂ ದೋಣಿ ವರ್ಷಗಟ್ಟಲೆ ನಡೆಯುತ್ತದೆ. ನೆಗ್ಗು ಪೂರ್ತಿ ಎತ್ತಿ ನುಣ್ಣಗೆ ಮಾಡಿ ಬಿರುಕು ಬಿಟ್ಟುಬಿಟ್ಟರೆ ಅದು ನಡುನೀರಿನಲ್ಲಿ ಬಾಯಿ ತೆರೆಯುತ್ತದೆ.

ಈ ಲೋಹದ ಸ್ವಭಾವ ಸ್ವಲ್ಪ ತಿಳಿದುಕೊಂಡರೆ ಉಳಿದ ಮಾತು ಸುಲಭವಾಗುತ್ತದೆ. ನಮ್ಮ ಕಡೆ ಅಲ್ಯೂಮಿನಿಯಂ ಎಲ್ಲಕ್ಕೂ ಜರ್ಮನ್ ಎಂದುಬಿಡುತ್ತೇವೆ. ಆದರೆ ಜರ್ಮನ್ ಬೋಗಾಣಿಯ ತಗಡು ಬೇರೆ, ದೋಣಿಯ ತಗಡು ಬೇರೆ. ಪಾತ್ರೆಯದು ಹೆಚ್ಚುಕಡಿಮೆ ಶುದ್ಧ ಅಲ್ಯೂಮಿನಿಯಂ, ಮೆತ್ತಗೆ. ದೋಣಿಗೆ ಮೆಗ್ನೀಸಿಯಂ ಬೆರೆಸಿದ ಮಿಶ್ರಲೋಹ ಬೇಕು. ನಿಮ್ಮಂಥ ರಿಬಿಟ್ ದೋಣಿಗಳಲ್ಲಿ ಸಾಮಾನ್ಯವಾಗಿ 5052 ಎಂಬ ನಂಬರಿನದು ಇರುತ್ತದೆ, ದಪ್ಪ ಹೆಚ್ಚಾಗಿ 1.5ರಿಂದ 2 ಮಿ.ಮೀ. ವೆಲ್ಡ್ ಮಾಡಿ ಕಟ್ಟುವ ದೊಡ್ಡ ದೋಣಿಗಳಲ್ಲಿ 5083, 5086 ಬಳಸುತ್ತಾರೆ. ಈ 5 ಸಾವಿರದ ಸಾಲಿನ ತಗಡುಗಳಿಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ತಣ್ಣಗಿರುವಾಗಲೇ ರೋಲರ್ ನಡುವೆ ಒತ್ತಿಸಿಕೊಂಡಾಗ. ಒತ್ತಿದಷ್ಟೂ, ಬಾಗಿಸಿದಷ್ಟೂ, ಬಡಿದಷ್ಟೂ ಅವು ಗಟ್ಟಿಯಾಗುತ್ತವೆ, ಜೊತೆಗೆ ಪೆಡಸಾಗುತ್ತವೆ. ಒಂದು ತಂತಿಯನ್ನು ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸಿ ನೋಡಿ. ಮೊದಮೊದಲು ಬಗ್ಗುತ್ತದೆ, ಆಮೇಲೆ ಮೊಂಡು ಹಿಡಿಯುತ್ತದೆ, ಕೊನೆಗೆ ಪಟ್ಟನೆ ತುಂಡಾಗುತ್ತದೆ. ಗೋಡೆಗೆ ಬಡಿದಾಗ ನಿಮ್ಮ ತಗಡು ಒಂದು ಸಲ ಬಗ್ಗಿದೆ. ವಾಪಸ್ ಎತ್ತಿದರೆ ಎರಡನೇ ಸಲ. ಇನ್ನೆಷ್ಟು ಸಲ ತಡೆಯುತ್ತದೆ ಎನ್ನುವುದು ನೆಗ್ಗಿನ ಆಕಾರದ ಮೇಲಿದೆ. ತಟ್ಟೆಯ ಹಾಗೆ ನಯವಾಗಿ ತಗ್ಗಾಗಿದ್ದರೆ ತಡೆಯುತ್ತದೆ. ಮಡಿಕೆ ಬಿದ್ದಂತೆ ಚೂಪಾದ ಗೆರೆ ಮೂಡಿದ್ದರೆ ಆ ಗೆರೆಯ ಮೇಲೆ ಆಗಲೇ ಆಯುಷ್ಯ ಮುಗಿಯುತ್ತ ಬಂದಿದೆ.

ಇನ್ನೊಂದು ಸಂಗತಿ. ಗೋಡೆ ಗುದ್ದಿದಾಗ ತಗಡು ಬರೀ ಒಳಗೆ ಹೋಗಿಲ್ಲ, ಹಿಗ್ಗಿಯೂ ಇದೆ. ಹಿಗ್ಗಿದ ತಗಡಿಗೆ ಮೊದಲಿನ ಜಾಗ ಸಾಲುವುದಿಲ್ಲ. ಬಲವಂತವಾಗಿ ಸಮ ಮಾಡಿದರೆ ಎಣ್ಣೆ ಡಬ್ಬದ ತಳ ಒತ್ತಿದಾಗ ಆಗುವಂತೆ ಡಬ್ ಎಂದು ಒಮ್ಮೆ ಒಳಗೆ, ಒಮ್ಮೆ ಹೊರಗೆ ಹಾರುತ್ತದೆ. ಅಲೆಯ ಮೇಲೆ ದಿನಕ್ಕೆ ಸಾವಿರಾರು ಸಲ ಹೀಗೆ ಹಾರುವ ತಗಡಿಗಿಂತ, ಅಲುಗದೆ ನಿಂತ ಸಣ್ಣ ತಗ್ಗು ಎಷ್ಟೋ ಮೇಲು.

ಈಗ ಒಬ್ಬೊಬ್ಬರ ಸಲಹೆಗೆ ಬರೋಣ. ಡೆಂಟಿಂಗ್ ಮಿಸ್ತ್ರಿಯ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಕೆಲಸ ಕಲಿತದ್ದು ಕಬ್ಬಿಣದ ತಗಡಿನ ಮೇಲೆ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದಿಲ್ಲ. ನೋಡುತ್ತ ನೋಡುತ್ತ ಬೆಳ್ಳಗೇ ಇರುತ್ತದೆ, ಮರುಕ್ಷಣ ಕರಗಿ ತೂತು ಬೀಳುತ್ತದೆ. 5052 ಕರಗಲು ಶುರುವಾಗುವುದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕಿಂತ ಬಹಳ ಮುಂಚೆ, 350 ಡಿಗ್ರಿ ಹತ್ತಿರವೇ, ಕಾರ್ಖಾನೆಯಲ್ಲಿ ಬಂದ ಗಟ್ಟಿತನ ಹೋಗಿಬಿಡುತ್ತದೆ, ಬಗ್ಗದೆ ತಡೆಯುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಾಸಿ ಮೆತ್ತಗೆ ಮಾಡಿಕೊಂಡೇ ಅಲ್ಯೂಮಿನಿಯಂ ಬಡಿಯುವ ನಿಪುಣರು ಇದ್ದಾರೆ, ಸುಳ್ಳಲ್ಲ. ಅಲಂಕಾರದ ಭಾಗಕ್ಕೆ ಅದು ಸರಿ. ದೋಣಿಯ ತಳದಲ್ಲಿ ಮಾತ್ರ ಆ ಮೆತ್ತನೆಯ ಜಾಗ ಹಾಗೇ ಉಳಿಯುತ್ತದೆ. ಈ ಜಾತಿಯ ತಗಡನ್ನು ಕಾಸಿ ನೀರಿಗೆ ಅದ್ದಿ ಮತ್ತೆ ಗಟ್ಟಿ ಮಾಡಲು ಬರುವುದಿಲ್ಲ. ಮುಂದಿನ ಕಲ್ಲು ಅಲ್ಲೇ ತಾಗಿದರೆ ಈ ಸಲ ನೆಗ್ಗಿದ್ದು ಆ ಸಲ ಇನ್ನೂ ಸುಲಭವಾಗಿ, ಇನ್ನೂ ಆಳವಾಗಿ ನೆಗ್ಗುತ್ತದೆ. ಇನ್ನು ಪುಟ್ಟಿ. ಕಾರಿನ ಪುಟ್ಟಿ ನೀರು ಹೀರುತ್ತದೆ, ತಗಡು ಬಳುಕಿದರೆ ತಾನು ಬಳುಕದೆ ಚಕ್ಕೆಯಾಗಿ ಏಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅದರಡಿ ಬಿರುಕು ಬೆಳೆಯುತ್ತಿದ್ದರೂ ನಿಮಗೆ ಕಾಣಿಸುವುದಿಲ್ಲ.

ಅಳಿಯನ ವಿಡಿಯೋದ ವಿಷಯ. ಕುದಿಯುವ ನೀರಿನ ಉಪಾಯ ನಡೆಯುವುದು ಕಾರಿನ ಪ್ಲಾಸ್ಟಿಕ್ ಬಂಪರಿನ ಮೇಲೆ. ಪ್ಲಾಸ್ಟಿಕ್ 100 ಡಿಗ್ರಿಗೆ ಮೆತ್ತಗಾಗಿ ಹಳೆಯ ಆಕಾರಕ್ಕೆ ತಿರುಗುತ್ತದೆ. ಅಲ್ಯೂಮಿನಿಯಂ ಆ ಬಿಸಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದರಿಂದ ದೋಣಿಗೆ ನಷ್ಟವಿಲ್ಲ, ಲಾಭವೂ ಇಲ್ಲ. ಕೈ ಸುಟ್ಟುಕೊಳ್ಳಬೇಡಿ ಎಂದು ಹೇಳಿ.

ಹತ್ತು ನಿಮಿಷದ ವೆಲ್ಡಿಂಗ್ ಎಂದವರ ಮಾತು ಇವುಗಳಲ್ಲೆಲ್ಲ ಹೆಚ್ಚು ಅಪಾಯದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದೊಡನೆ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಕರಗುವುದು 2,000 ಡಿಗ್ರಿಗೂ ಮೇಲೆ, ಅಡಿಯ ಲೋಹ ಅದರ ಮೂರನೇ ಒಂದು ಪಾಲಿಗೇ ಕರಗಿ ನೀರಾಗಿರುತ್ತದೆ. ಇದನ್ನು ಗೆಲ್ಲಲು ಶುದ್ಧ ಆರ್ಗಾನ್ ಗ್ಯಾಸು, ಎ.ಸಿ. ಕರೆಂಟಿನ ಟಿಗ್ ಮಷೀನು (ಆರ್ಗಾನ್ ವೆಲ್ಡಿಂಗ್ ಎನ್ನುವುದು ಇದಕ್ಕೇ), ಬೆಸುಗೆಗೆ ತುಂಬಲು 5356ನಂಥ ಸರಿಯಾದ ಫಿಲ್ಲರ್ ರಾಡು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು. ಊರ ಅಂಗಡಿಯ ಸಾಮಾನ್ಯ ವೆಲ್ಡಿಂಗ್ ಮಷೀನಿನಲ್ಲಿ ಅಲ್ಯೂಮಿನಿಯಂ ಕಡ್ಡಿ ಹಚ್ಚಿ 1.6 ಮಿ.ಮೀ. ತಗಡು ಬೆಸೆಯಲು ಹೋದರೆ ಮೊದಲು ತೂತು ಬೀಳುತ್ತದೆ, ಆಮೇಲೆ ಆ ತೂತು ದೊಡ್ಡದಾಗುತ್ತದೆ. ಗ್ಯಾಸ್ ಬತ್ತಿಯಲ್ಲಿ ಕರಗಿಸಿ ಹಚ್ಚುವ ರಾಡುಗಳೂ ಬರುತ್ತವೆ, ವಿಡಿಯೋಗಳಲ್ಲಿ ಕೋಲ್ಡ್ ಡ್ರಿಂಕ್ ಡಬ್ಬಿಯ ತೂತು ಮುಚ್ಚಿ ತೋರಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಣ. ಅಲೆಯ ಹೊಡೆತ ತಿನ್ನುವ ತಳಕ್ಕೆ ಅವು ತಕ್ಕವಲ್ಲ.

ಆರ್ಗಾನ್ ವೆಲ್ಡಿಂಗ್ ಬಲ್ಲವರು ಸಿಕ್ಕರೂ ರಿಬಿಟ್ ದೋಣಿಗೆ ಅದನ್ನು ನಾನು ಕೊನೆಯ ದಾರಿಯಾಗಿ ಮಾತ್ರ ಹೇಳುತ್ತೇನೆ. ಬೆಸುಗೆಯ ಅಕ್ಕಪಕ್ಕದ ತಗಡು ಶಾಖಕ್ಕೆ ಮೆತ್ತಗಾಗುತ್ತದೆ. ಹತ್ತಿರದ ರಿಬಿಟ್ ಸಾಲಿನೊಳಗಿನ ಸೀಲೆಂಟ್, ಅಂದರೆ ಸೋರಿಕೆ ತಡೆಯುವ ಅಂಟು, ಸುಟ್ಟು ಹೊಸ ಸೋರಿಕೆ ಹುಟ್ಟುತ್ತದೆ. ಮೀನಿನ ಜಿಡ್ಡು, ಹಳೆ ಬಣ್ಣ, ಡಾಂಬರು ಸ್ವಲ್ಪ ಉಳಿದಿದ್ದರೂ ಬೆಸುಗೆಯೊಳಗೆ ಗಾಳಿಗುಳ್ಳೆ ತುಂಬುತ್ತವೆ. ಸೀಟಿನ ಕೆಳಗೆ ತೇಲಲೆಂದು ಫೋಮ್ ತುಂಬಿದ್ದರೆ ಅದು ಹೊತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ. ಪೆಟ್ರೋಲ್ ಟ್ಯಾಂಕು, ಪೈಪು ತೆಗೆಯದೆ ಯಾರೂ ಬೆಂಕಿ ತರಕೂಡದು. ಇನ್ನೊಂದು ಎಚ್ಚರಿಕೆಯನ್ನು ನನ್ನ ಹುಡುಗರಿಗೆ ಪ್ರತಿ ಸಲ ಹೇಳುತ್ತೇನೆ: ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಬಳಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗ್ ಕಿಡಿಯ ಮುಂದೆ ಫಾಸ್ಜೀನ್ ಎಂಬ ಪ್ರಾಣ ತೆಗೆಯುವ ಅನಿಲವಾಗಿ ಬದಲಾಗಬಹುದು. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಕೆಲಸಕ್ಕೆ ಕೂಡಬೇಕು.

ಕಾಕಾ ಹೇಳಿದ್ದು ಪೂರ್ತಿ ತಪ್ಪಲ್ಲ. ನೀರಿನ ಮೇಲೆ ಬದುಕಿದವರ ಮಾತು ಅದು, ಬಡಿಯಬೇಡ ಎನ್ನುವ ಅರ್ಧ ಭಾಗಕ್ಕೆ ನನ್ನ ಸಹಮತವಿದೆ. ಎಂ-ಸೀಲ್ ಒಂದೆರಡು ದಿನ ದಡ ಮುಟ್ಟಿಸುವ ಉಪಾಯವಾಗಿ ಸರಿಯೇ. ಆದರೆ ಅಲುಗಾಡುವ ರಿಬಿಟ್ ಮೇಲೆ ಮೆತ್ತಿದ ಯಾವ ಗಟ್ಟಿ ಅಂಟೂ ನಿಲ್ಲದು. ಡಾಂಬರನ್ನು ಮಾತ್ರ ಖಂಡಿತ ಬೇಡ ಎನ್ನುತ್ತೇನೆ. ಒಮ್ಮೆ ಬಳಿದರೆ ಮುಂದೆ ಬಿರುಕು ಹುಡುಕುವವರಿಗೆ ತಗಡು ಕಾಣುವುದೇ ಇಲ್ಲ, ಒಳ್ಳೆಯ ಸೀಲೆಂಟು ಅದರ ಮೇಲೆ ಹಿಡಿಯುವುದೂ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ದೋಣಿಯನ್ನು ದಡಕ್ಕೆ ತಂದು ಮಷೀನು, ಟ್ಯಾಂಕು, ಒಳಗಿನ ಹಲಗೆ ಎಲ್ಲ ತೆಗೆಯಿರಿ. ಹಳೆಯ ಟಯರುಗಳ ಮೇಲೋ ಮರಳು ಚೀಲಗಳ ಮೇಲೋ ಸಮನಾಗಿ ಕೂರಿಸಿ, ಕೆಳಗೆ ತಲೆ ತೂರಿಸಿ ನೋಡುವಷ್ಟು ಎತ್ತರವಿರಲಿ. ಒಳಗೆ ನಾಲ್ಕು ಬೆರಳು ನೀರು ತುಂಬಿ. ಅಷ್ಟೇ ನೀರು 250-300 ಕೆ.ಜಿ. ತೂಗುತ್ತದೆ, ಆದ್ದರಿಂದ ಆಸರೆ ಗಟ್ಟಿಯಿರಲಿ, ಹೆಚ್ಚು ತುಂಬುವ ಆಸೆ ಬೇಡ. ಹೊರಗಿನಿಂದ ತಳವನ್ನು ಒಣಬಟ್ಟೆಯಲ್ಲಿ ಒರೆಸಿ ಕಾಯಿರಿ. ಎಲ್ಲೆಲ್ಲಿ ಹನಿ ಮೂಡುತ್ತದೋ ಅಲ್ಲಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ನೆಗ್ಗಿನ ಜಾಗ ಬಿಟ್ಟು ಬೇರೆಲ್ಲೋ ರಿಬಿಟ್ ಸೋರುತ್ತಿರುವುದೂ ಹೀಗೆ ಗೊತ್ತಾಗುತ್ತದೆ, ಹಳೆಯ ದೋಣಿಗಳಲ್ಲಿ ಅದು ಸಾಮಾನ್ಯ.

ನೀರು ಖಾಲಿ ಮಾಡಿ ಒಣಗಿಸಿದ ಮೇಲೆ ಬಿರುಕಿನ ಪರೀಕ್ಷೆ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡೈ ಪೆನಿಟ್ರಂಟ್ ಎಂಬ ಮೂರು ಸ್ಪ್ರೇ ಡಬ್ಬಿಗಳ ಸೆಟ್ ಸಿಗುತ್ತದೆ. ಒಂದು ಕ್ಲೀನರು, ಒಂದು ಕೆಂಪು ದ್ರವ, ಒಂದು ಬಿಳಿ ಪುಡಿಯದು. ನೆಗ್ಗಿನ ಸುತ್ತ ಒಂದು ಗೇಣು ಬಣ್ಣ ಕೆರೆದು ತೆಗೆದು, ಕ್ಲೀನರಿನಲ್ಲಿ ಒರೆಸಿ, ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ಮೇಲಿನ ಕೆಂಪನ್ನು ಬಟ್ಟೆಯಿಂದ ಒರೆಸಿ ಬಿಳಿ ಹೊಡೆಯಿರಿ. ಬಿರುಕಿದ್ದರೆ ಒಳಗೆ ಅಡಗಿದ ಕೆಂಪು ಮೆಲ್ಲಗೆ ಮೇಲೆದ್ದು, ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತದೆ. ತೂತುಗಳ ಅಂಚಿನಿಂದ ನಕ್ಷತ್ರದ ಕಾಲಿನಂತೆ ಹೊರಟಿರುವ ಸಣ್ಣ ಗೆರೆಗಳನ್ನು ವಿಶೇಷವಾಗಿ ನೋಡಿ, ರಿಬಿಟ್ ದೋಣಿ ಬಿರಿಯಲು ಶುರುವಾಗುವುದು ಬಹಳ ಸಲ ಅಲ್ಲಿಂದಲೇ. ಆ ಸೆಟ್ ಸಿಗದಿದ್ದರೆ ಹಳೆಯ ದಾರಿಯಿದೆ. ಹೊರಗಡೆ ಶಾಲೆಯ ಸೀಮೆಸುಣ್ಣವನ್ನು ಅರೆದು ನೀರಲ್ಲಿ ಕಲಸಿ ತೆಳುವಾಗಿ ಬಳಿದು ಒಣಗಿಸಿ, ಒಳಗಡೆ ಚಿಮಣಿ ಎಣ್ಣೆ (ಸೀಮೆಎಣ್ಣೆ) ಸವರಿ. ಬಿರುಕು ಆರುಪಾರಾಗಿದ್ದರೆ ಬಿಳಿಯ ಮೇಲೆ ಎಣ್ಣೆಯ ಕಲೆ ಬರುತ್ತದೆ. ಗೋಡೆಗೆ ಬಳಿಯುವ ಸುಣ್ಣ ಬೇಡ, ಅದರ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ. ವಾಷಿಂಗ್ ಸೋಡಾದಿಂದ ದೋಣಿ ತೊಳೆಯುವವರಿಗೂ ಇದೇ ಮಾತು.

ಇವೆರಡರ ಜೊತೆ ದಾರದ ಪರೀಕ್ಷೆಯನ್ನೂ ಮಾಡಿ. ದೋಣಿ ಮಗುಚಿ, ತಳದ ನಡುವೆ ಉದ್ದಕ್ಕೂ ಇರುವ ಕೀಲ್ ಪಟ್ಟಿಯ ಮೇಲೆ ನೇರ ಭಾಗದಲ್ಲಿ ದಾರ ಬಿಗಿಯಾಗಿ ಹಿಡಿಯಿರಿ. ಪಟ್ಟಿ ದಾರಕ್ಕೆ ಹೊಂದಿ ನೇರವಿದ್ದರೆ ನೆಮ್ಮದಿ. ನಡುವೆ ಬಾಗಿದ್ದರೆ, ತಿರುಚಿದ್ದರೆ ಕೆಲಸ ನಿಮ್ಮ ಕೈ ಮೀರಿದ್ದು.

ಬಿರುಕಿಲ್ಲ, ಕೀಲ್ ನೇರವಿದೆ ಎಂದಾದರೆ ನಿಮ್ಮದು ಅರ್ಧ ದಿನದ ಸಿದ್ಧತೆ, ಒಂದು ದಿನದ ಕೆಲಸ. ಶುರು ಮಾಡಬೇಕಾದ್ದು ಅಡ್ಡಪಟ್ಟಿಯಿಂದ. ನೆಗ್ಗನ್ನು ಒಳಗೆ ಎಳೆದು ಹಿಡಿದುಕೊಂಡಿರುವುದೇ ಆ ಸೊಟ್ಟ ಪಟ್ಟಿ. ಅದನ್ನು ಬಿಡಿಸದೆ ತಗಡು ಬಡಿದರೆ ಎರಡೂ ಹಾಳು. ಆ ಭಾಗದ ಸಡಿಲ ರಿಬಿಟ್‌ಗಳ ತಲೆಯನ್ನು ಡ್ರಿಲ್ಲಿನಿಂದ ತೆಗೆದು ಪಟ್ಟಿಯನ್ನು ಬಿಡಿಸಿ. ಕೆಲವು ಸಲ ಪಟ್ಟಿ ಬಿಟ್ಟೊಡನೆ ತಗಡು ತಾನೇ ಅರ್ಧ ಮೇಲೆ ಬರುತ್ತದೆ. ಪಟ್ಟಿ ನಯವಾಗಿ ಬಾಗಿದ್ದರೆ ಕಟ್ಟಿಗೆಯ ದಿಮ್ಮಿಯ ಮೇಲಿಟ್ಟು ಮೆಲ್ಲಗೆ ನೇರ ಮಾಡಬಹುದು. ಚೂಪಾಗಿ ಮುರಿದಂತೆ ಬಾಗಿದ್ದರೆ ನೇರ ಮಾಡಲು ಹೋಗಬೇಡಿ, ಅದರ ಪಕ್ಕಕ್ಕೆ ಹೊಸ ಆಂಗಲ್ ಜೋಡಿಸಿ ರಿಬಿಟ್ ಹೊಡೆಯಿರಿ. ಕಿಟಕಿ ಮಾಡುವವರ ಬಳಿ ಸಿಗುವ ಸೆಕ್ಷನ್ ಸಾಮಾನ್ಯವಾಗಿ 6063. ತುರ್ತಿಗೆ ನಡೆಯುತ್ತದೆ, 6061 ಸಿಕ್ಕರೆ ಒಳ್ಳೆಯದು. ಎರಡನ್ನೂ ಬೆಸೆಯಬೇಡಿ, ಶಾಖ ತಾಗಿದ ಕಡೆ ಬಲ ಬಿದ್ದುಹೋಗುತ್ತದೆ.

ಇನ್ನು ತಗಡು. ಕಬ್ಬಿಣದ ಸುತ್ತಿಗೆ ದೂರವಿಡಿ, ಅದರ ಪ್ರತಿ ಪೆಟ್ಟೂ ತಗಡನ್ನು ಇನ್ನಷ್ಟು ತೆಳ್ಳಗೆ ಮಾಡಿ ಹಿಗ್ಗಿಸುತ್ತದೆ. ಕಟ್ಟಿಗೆಯ ಕೊಡತಿ ಅಥವಾ ನೈಲಾನ್ ಸುತ್ತಿಗೆ ಇರಲಿ. ಹೊರಗಡೆ ಒಬ್ಬರು ಮರಳು ಚೀಲವನ್ನೋ ನುಣುಪಾದ ಭಾರದ ದಿಮ್ಮಿಯನ್ನೋ ತಗಡಿಗೆ ಒತ್ತಿ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬರು ತಟ್ಟಬೇಕು. ಎಲ್ಲರೂ ಮಾಡುವುದು ತಗ್ಗಿನ ನಟ್ಟನಡುವೆ ಜೋರಾಗಿ ಬಾರಿಸುವುದು. ಹಾಗಲ್ಲ. ಅಂಚಿನಿಂದ ಶುರು ಮಾಡಿ, ಸುತ್ತುತ್ತ ಸುತ್ತುತ್ತ ಒಳಗೆ ಬನ್ನಿ, ಹಗುರ ಪೆಟ್ಟು, ಬಹಳ ಪೆಟ್ಟು. ಆಳದ ಭಾಗಕ್ಕೆ ಕೊಡತಿಗಿಂತ ಜಾಕ್ ಒಳ್ಳೆಯದು. ದೋಣಿಯ ಅಡ್ಡಕ್ಕೆ ಗಟ್ಟಿ ತೊಲೆ ಕಟ್ಟಿ, ಅದಕ್ಕೂ ತಳಕ್ಕೂ ನಡುವೆ ಸಣ್ಣ ಸ್ಕ್ರೂ ಜಾಕ್ ಇಟ್ಟು, ತಗಡಿನ ವಕ್ರಕ್ಕೆ ತಕ್ಕಂತೆ ಕೆತ್ತಿದ ಕಟ್ಟಿಗೆಯ ತುಂಡಿನಿಂದ ನಿಧಾನ ಒತ್ತಬೇಕು. ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಬೆರಳಾಡಿಸಿ ನೋಡಿ, ಮತ್ತೆ ಕಾಲು ಸುತ್ತು. ಮುಕ್ಕಾಲು ಪಾಲು ನೆಗ್ಗು ಎದ್ದರೆ ಕೈ ತೆಗೆಯಿರಿ. ಆ ಕೊನೆಯ ಕಾಲು ಪಾಲಿನ ಆಸೆಯಲ್ಲೇ ತಗಡು ಸೀಳುವುದು. ಡಬ್ ಎಂಬ ಶಬ್ದ ಬಂದ ಕ್ಷಣ ನಿಲ್ಲಿಸಿ, ತುಸು ತಗ್ಗು ಹಾಗೇ ಇರಲಿ. ನಿಮ್ಮ ನೆಗ್ಗು ನಡುವಿಗಿಂತ ಮುಂದಿದೆ, ಹಾಗಾಗಿ ಓಟಕ್ಕೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಅದೇ ನೆಗ್ಗು ಹಿಂದೆ, ಮಷೀನಿನ ಹತ್ತಿರದ ನಾಲ್ಕೈದು ಅಡಿಯಲ್ಲಿ ಇದ್ದಿದ್ದರೆ ವೇಗದಲ್ಲಿ ದೋಣಿಯ ಓಟ ಕೆಡುವ ಸಾಧ್ಯತೆ ಇತ್ತು, ಆಗ ಅಲ್ಲಿ ಸಮ ಮಾಡಲೇಬೇಕಿತ್ತು. ಬಡಿದ ಮೇಲೆ ಬಿರುಕಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಇದನ್ನು ಬಿಡಬೇಡಿ.

ಆಮೇಲೆ ರಿಬಿಟ್. ಸ್ವಲ್ಪವೇ ಸಡಿಲಾದವನ್ನು ತೆಗೆಯದೆ ಬಿಗಿ ಮಾಡಬಹುದು. ಹೊರಗೆ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿದು ಒಳಗಿನ ಬಾಲಕ್ಕೆ ಎರಡು ಮೂರು ಚುರುಕು ಪೆಟ್ಟು ಕೊಟ್ಟರೆ ಸಾಕು. ತೂತು ಮೊಟ್ಟೆಯಾಕಾರ ಆಗಿದ್ದರೆ ಒಂದು ಅಳತೆ ದೊಡ್ಡ ಡ್ರಿಲ್ ಹೊಡೆದು ಹೊಸದು ಹಾಕಬೇಕು, 4.8 ಮಿ.ಮೀ. ಇದ್ದಲ್ಲಿ 6.4. ಹಾಕುವಾಗ ಗಟ್ಟಿ ಅಲ್ಯೂಮಿನಿಯಂ ರಿಬಿಟ್ ಇರಲಿ. ಎರಡೂ ಕಡೆ ಕೈ ಹೋಗದ ಜಾಗದಲ್ಲಿ ಪಾಪ್ ರಿಬಿಟ್ ಬೇಕೇಬೇಕೆಂದರೆ ಬಾಯಿ ಮುಚ್ಚಿದ, ಸೀಲ್ಡ್ ಎಂದು ಕೇಳಿ ತರಬೇಕು. ಅಂಗಡಿಯ ಮಾಮೂಲಿ ಪಾಪ್ ರಿಬಿಟ್ ನಡುವೆ ಪೊಳ್ಳು, ಅದರೊಳಗಿಂದಲೇ ನೀರು ಬರುತ್ತದೆ, ಒಳಗೆ ಉಳಿದ ಕಬ್ಬಿಣದ ಕಡ್ಡಿ ತುಕ್ಕು ಹಿಡಿಯುತ್ತದೆ. ಪ್ರತಿ ರಿಬಿಟ್‌ಗೂ, ಪಟ್ಟಿಯ ಅಡಿಗೂ ದೋಣಿಗೆ ತಕ್ಕ ಪಾಲಿಯುರಿಥೇನ್ ಸೀಲೆಂಟ್ ಹಚ್ಚಿ. ಬಚ್ಚಲಿಗೆ ಹಾಕುವ ಸಿಲಿಕೋನ್ ಬೇಡ. ಹುಳಿ ವಾಸನೆ ಬರುವ ಸಿಲಿಕೋನ್‌ನಿಂದ ಹೊಮ್ಮುವ ಆಮ್ಲ ತಗಡಿಗೆ ಒಳ್ಳೆಯದಲ್ಲ, ಅದು ಸವರಿದ ಜಾಗದಲ್ಲಿ ಮುಂದೆ ಬೇರೇನೂ ಅಂಟುವುದಿಲ್ಲ. ಡಬ್ಬಿಯ ಮೇಲೆ ಬರೆದಷ್ಟು ದಿನ ಸೀಲೆಂಟ್ ಒಣಗಲು ಬಿಡಬೇಕು, ಮೇಲ್ಪದರ ಒಂದೇ ಸಂಜೆಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ.

ಬಿರುಕು ಸಿಕ್ಕರೆ? ಚಿಕ್ಕದಾಗಿದ್ದು, ಕೀಲ್ ಇಲ್ಲವೆ ತಳ-ಬದಿ ಕೂಡುವ ಮೂಲೆಯಲ್ಲಿ ಇಲ್ಲದಿದ್ದರೆ ತೇಪೆ ಹಾಕಬಹುದು. ಬಿರುಕಿನ ಎರಡೂ ತುದಿಗೆ, ಕೆಂಪು ಗೆರೆ ಮುಗಿದಲ್ಲಿಂದ ಕೂದಲಷ್ಟು ಮುಂದೆ, 3 ಮಿ.ಮೀ. ತೂತು ಕೊರೆಯಿರಿ. ಬಿರುಕು ಓಡುವುದು ಅದರ ಚೂಪು ತುದಿಯಿಂದ, ದುಂಡು ತೂತು ಸಿಕ್ಕಲ್ಲಿ ಅದರ ಓಟ ನಿಲ್ಲುತ್ತದೆ. ತೇಪೆಯ ತಗಡು 5052 ಇರಲಿ, ದೋಣಿಯಷ್ಟೇ ದಪ್ಪ, ಬಿರುಕಿನ ಸುತ್ತ ಎಲ್ಲ ಕಡೆ ಎರಡು ಇಂಚು ಹೆಚ್ಚು. ಮೂಲೆಗಳನ್ನು ಕಡ್ಡಾಯವಾಗಿ ದುಂಡಗೆ ಕತ್ತರಿಸಿ. ಒಂದು ಇಂಚಿಗೊಂದರಂತೆ ರಿಬಿಟ್, ತೇಪೆಯ ಅಂಚಿನಿಂದ ತೂತಿನ ನಡುವಿನವರೆಗೆ ರಿಬಿಟ್ ದಪ್ಪದ ಎರಡೂವರೆ ಪಟ್ಟು ಜಾಗ, ಅಡಿಗೆ ತುಂಬ ಸೀಲೆಂಟ್. ಚಿಮಣಿ ಎಣ್ಣೆಯ ಪರೀಕ್ಷೆ ಮಾಡಿದ್ದರೆ ಮೊದಲು ಥಿನ್ನರಿನಿಂದ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಸೀಲೆಂಟ್ ಹಿಡಿಯದು.

ಬೆಳಗಾವಿಯಲ್ಲಿ ಅಲ್ಯೂಮಿನಿಯಂ ಕಾರ್ಖಾನೆಯೇ ಇದೆಯಲ್ಲ, ತಗಡು ಅಲ್ಲಿಂದ ತರಬಹುದೇ ಎಂದು ಬಹಳ ಜನ ಕೇಳುತ್ತಾರೆ. ಹಿಂಡಾಲ್ಕೋದ ಬೆಳಗಾವಿ ಘಟಕದಲ್ಲಿ ತಯಾರಾಗುವುದು ಅಲ್ಯೂಮಿನಾ, ಅಂದರೆ ಬಾಕ್ಸೈಟ್‌ನಿಂದ ತೆಗೆದ ಬಿಳಿ ಪುಡಿ. ತಗಡು ಅಲ್ಲಿ ಸಿಗುವುದಿಲ್ಲ. ತಗಡಿನ ವ್ಯಾಪಾರಿಯ ಹತ್ತಿರ ನಂಬರು ಹೇಳಿ ಕೇಳಬೇಕು, ಟೆಸ್ಟ್ ಸರ್ಟಿಫಿಕೇಟ್ ತೋರಿಸಿ ಎನ್ನಬೇಕು. ಛಾವಣಿಗೆ ಹಾಕುವ ತಗಡು, ಬಸ್ಸಿನ ನೆಲಕ್ಕೆ ಹಾಕುವ ಚೌಕಳಿ ತಗಡು ಕೊಟ್ಟು ಎಲ್ಲ ಒಂದೇ ಎಂದರೆ ಒಪ್ಪಬೇಡಿ.

ಬಿರುಕು ಉದ್ದವಿದ್ದರೆ, ಮೂಲೆಯಲ್ಲಿದ್ದರೆ, ಕೀಲ್ ಬಾಗಿದ್ದರೆ ದೋಣಿಯನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಆರ್ಗಾನ್ ಕೆಲಸದವರ ಬಳಿ ಒಯ್ಯುವುದೇ ಸರಿ. ಹೋದಾಗ ಸಂಕೋಚ ಬಿಟ್ಟು ಒಂದು ಮಾತು ಕೇಳಿ: ಇದೇ ದಪ್ಪದ ಎರಡು ತುಂಡು ತಗಡು ಬೆಸೆದು ತೋರಿಸಿ. ಬೆಸೆದದ್ದನ್ನು ವೈಸಿಗೆ ಕಚ್ಚಿಸಿ ಬಗ್ಗಿಸಿ. ಬೆಸುಗೆಯ ಗೆರೆಯಲ್ಲೇ ಬಾಯಿ ಬಿಟ್ಟರೆ ನಮಸ್ಕಾರ ಹೇಳಿ ದೋಣಿ ವಾಪಸ್ ತನ್ನಿ. ಕೆಲಸ ಬಲ್ಲವರು ಈ ಪರೀಕ್ಷೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಮಷೀನು ಕೂರಿಸುವ ಹಿಂದಿನ ಹಲಗೆಯ ಸುತ್ತ ತಗಡು ಬಿರಿದಿದ್ದರೆ, ಹಲವು ಅಡ್ಡಪಟ್ಟಿಗಳು ಒಟ್ಟಿಗೆ ಮುರಿದಿದ್ದರೆ, ತಳದ ತುಂಬ ಬಿಳಿ ಪುಡಿ ಉದುರುವ ಗುಳಿಗಳಿದ್ದರೆ, ಆಗ ಮಾತ್ರ ಮೋಡ್ಕಾದ ಮಾತು ಎತ್ತಬಹುದು.

ಆ ಗುಳಿಗಳ ಕಾರಣ ಹೆಚ್ಚಾಗಿ ನಮ್ಮ ಕೈಯಲ್ಲೇ ಇರುತ್ತದೆ. ತಾಮ್ರದ ತಂತಿ ತುಂಡು, ಹಿತ್ತಾಳೆ ಸ್ಕ್ರೂ, ಜೇಬಿನಿಂದ ಬಿದ್ದ ನಾಣ್ಯ ಇವು ತಳದ ನೀರಿನಲ್ಲಿ ಅಲ್ಯೂಮಿನಿಯಂಗೆ ತಾಗಿಕೊಂಡು ಕೂತರೆ ಬ್ಯಾಟರಿಯ ಕ್ರಿಯೆ ಶುರುವಾಗಿ ತಗಡನ್ನು ಕೊರೆಯುತ್ತವೆ. ಕಬ್ಬಿಣ ಉಜ್ಜಿದ ತಂತಿಬ್ರಷ್ಷನ್ನು ದೋಣಿಗೆ ಹಚ್ಚಬೇಡಿ, ದೋಣಿಗೆಂದೇ ಸ್ಟೇನ್‌ಲೆಸ್ ಬ್ರಷ್ ಇಟ್ಟುಕೊಳ್ಳಿ. ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳುವುದು ಬೇಡ, ಹೊಳೆಯ ಸಿಹಿನೀರಿನಲ್ಲಿ ಬರೀ ತಗಡೇ ಚೆನ್ನಾಗಿ ಬಾಳುತ್ತದೆ. ಹಚ್ಚಲೇಬೇಕೆಂದರೆ ಅಲ್ಯೂಮಿನಿಯಂಗೆ ಹಿಡಿಯುವ ಎಪಾಕ್ಸಿ ಪ್ರೈಮರ್ ಮೊದಲು. ಕಬ್ಬಿಣದ ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಇದರ ಮೇಲೆ ನಿಲ್ಲುವುದಿಲ್ಲ, ತಾಮ್ರ ಬೆರೆತ ದೋಣಿ ಬಣ್ಣವಂತೂ ಶತ್ರು.

ಪೆಟ್ಟು ಬಿದ್ದ ಕಾರಣವನ್ನೂ ಹೇಳದೆ ಬಿಡಲಾರೆ, ಏಕೆಂದರೆ ದುರಸ್ತಿ ಮಾಡಿದ ಜಾಗಕ್ಕೆ ಮತ್ತೊಂದು ಗೋಡೆ ಸಿಕ್ಕರೆ ಮಾಡಿದ್ದೆಲ್ಲ ವ್ಯರ್ಥ. ನಿಮ್ಮ ಹಿನ್ನೀರು ಆಲಮಟ್ಟಿ ಅಣೆಕಟ್ಟಿನದು, ಅದು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಆಗ ಹಳೇ ಊರುಗಳ ಗೋಡೆ, ಕಟ್ಟೆ, ಬಾವಿಯ ದಂಡೆ ಎಲ್ಲ ಆಳದಲ್ಲಿ ಮಲಗಿರುತ್ತವೆ. ಬೇಸಿಗೆಗೆ ನೀರು ಇಳಿದಂತೆ ಅವೇ ಮೇಲ್ಮೈಗೆ ಒಂದು ಗೇಣಿನಷ್ಟು ಹತ್ತಿರ ಬಂದು ಕಾಯುತ್ತವೆ. ಕೆಂಪು ನೀರಿನಲ್ಲಿ ಕಾಣುವುದಿಲ್ಲ, ನಸುಕಿನಲ್ಲಂತೂ ಇಲ್ಲವೇ ಇಲ್ಲ. ಈಗ ನೀರು ಕಡಿಮೆ ಇರುವಾಗಲೇ ನಿಮ್ಮ ದಾರಿಯಲ್ಲಿರುವ ಗೋಡೆಗಳ ಜಾಗವನ್ನು ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ, ಸಾಧ್ಯವಿದ್ದಲ್ಲಿ ಬಿದಿರಿನ ಗಳಕ್ಕೆ ಬಟ್ಟೆ ಕಟ್ಟಿ ನೆಡಿ. ನಿಮ್ಮೊಬ್ಬರಿಗಲ್ಲ, ಅಲ್ಲಿ ಬಲೆ ಬಿಡುವ ಎಲ್ಲರಿಗೂ ಅದು ಉಪಕಾರ.

ದುರಸ್ತಿಯಾದ ದೋಣಿಯನ್ನು ಮೊದಲು ಸೊಂಟದುದ್ದ ನೀರಿನಲ್ಲಿ, ಇಬ್ಬರು ಕೂತು, ಲೈಫ್ ಜಾಕೆಟ್ ತೊಟ್ಟು ಒಂದು ಗಂಟೆ ನಿಲ್ಲಿಸಿ ನೋಡಿ. ನೆಗ್ಗಿನ ಸುತ್ತ ಒಳಗಡೆ ಮಾರ್ಕರ್‌ನಿಂದ ಗೆರೆ ಎಳೆದಿಡಿ. ವಾರ ಕಳೆದ ಮೇಲೆ ನೆಗ್ಗು ಗೆರೆ ದಾಟಿದೆಯೇ, ಹೊಸ ರಿಬಿಟ್‌ಗಳ ಸುತ್ತ ಕಪ್ಪು ಮಸಿಯಂಥ ಕಲೆ ಬಂದಿದೆಯೇ ಎಂದು ಪರೀಕ್ಷಿಸಿ. ಆ ಕಪ್ಪು ಕಲೆ ರಿಬಿಟ್ ಒಳಗೆ ಉಜ್ಜುತ್ತಿದೆ ಎಂಬುದರ ಗುರುತು. ಡೈ ಪೆನಿಟ್ರಂಟ್ ಪರೀಕ್ಷೆಯಲ್ಲಿ ಕೆಂಪು ಗೆರೆ ಏನಾದರೂ ಬಂದರೆ ಬಡಿಯಲು ಹೋಗದೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಒಳಗಿನ, ಹೊರಗಿನ ಫೋಟೋ ತೆಗೆದು ಕಳಿಸಿ. ತೇಪೆ ಸಾಕೋ, ಬೆಳಗಾವಿಗೆ ತರಬೇಕೋ ನೋಡಿ ಹೇಳುತ್ತೇನೆ.